ಸಿಪ್ಪೆಯ ಪಾಲು

ಸೇಬುಹಣ್ಣಿನ ರುಚಿ ನನಗೆ ಮೊದಲು ಗೊತ್ತಾದದ್ದು ಅದರ ಸಿಪ್ಪೆಯಿಂದ. ಆಗ ನನಗೆ ಎಂಟು ವರ್ಷ. ಅಪ್ಪಯ್ಯನಿಗೆ ಟೈಫಾಯಿಡ್ ಆಗಿ ಮೂರು ವಾರದಿಂದ ಹಾಸಿಗೆ ಹಿಡಿದಿದ್ದರು. ಮಳೆಗಾಲದಲ್ಲಿ ತೀರ್ಥಹಳ್ಳಿಯಿಂದ ನಮ್ಮ ಹಳ್ಳಿಯವರೆಗೆ ಬಸ್ಸು ಬರುತ್ತಿರಲಿಲ್ಲ. ಶಿವಮೊಗ್ಗದಲ್ಲಿ ನೌಕರಿಯಲ್ಲಿದ್ದ ಸೋದರಮಾವ ಭಾವನನ್ನು ನೋಡಲೆಂದು ಬಂದವರು ಕೊನೆಯ ಮೂರು ಮೈಲಿಯನ್ನು ಕೆಸರಿನಲ್ಲಿ ನಡೆದೇ ಬಂದಿದ್ದರು. ಕೊಡೆಯಡಿಯಲ್ಲಿ ಎದೆಗೆ ಒತ್ತಿ ಹಿಡಿದು ತಂದ ಕಾಗದದ ಪೊಟ್ಟಣದಲ್ಲಿ ಆರು ಸೇಬುಹಣ್ಣುಗಳಿದ್ದವು.

ನಮ್ಮ ಕಡೆ ಆಗ ಸೇಬೆಂದರೆ ಕಾಯಿಲೆಯವರ ಹಣ್ಣು. ಹಲಸು, ಮಾವು, ಬಾಳೆ, ಪೇರಳೆ ಹಿತ್ತಲಲ್ಲೇ ಆಗುತ್ತಿದ್ದವು. ಸೇಬು ಪೇಟೆಯಿಂದ ಬರಬೇಕು, ಅದೂ ಮನೆಯಲ್ಲಿ ಯಾರಾದರೂ ಮಲಗಿದಾಗ. ಗಟ್ಟಿ ಪದಾರ್ಥ ಏನೂ ಕೊಡಬೇಡಿ ಎಂದು ಡಾಕ್ಟರು ಹೇಳಿ ಹೋಗಿದ್ದರು. ಹಾಗಾಗಿ ಅಮ್ಮ ದಿನಕ್ಕೊಂದು ಹಣ್ಣಿನ ಸಿಪ್ಪೆ ತೆಗೆದು, ಹೋಳು ಮಾಡಿ, ಬಟ್ಟಲಲ್ಲಿಟ್ಟು ಇಡ್ಲಿ ಬೇಯಿಸುವ ಹಾಗೆ ಹಬೆಯಲ್ಲಿ ಬೇಯಿಸುತ್ತಿದ್ದಳು. ಚಮಚದ ಬೆನ್ನಿನಿಂದ ನುಣ್ಣಗೆ ಹಿಸುಕಿ, ಚಿಟಿಕೆ ಸಕ್ಕರೆ ಹಾಕಿ, ಬಿಸಿ ಆರಿಸಿ ಅಪ್ಪಯ್ಯನ ಬಾಯಿಗೆ ಕೊಡುತ್ತಿದ್ದಳು. ಅಕ್ಕ, ನಾನು, ತಮ್ಮ ಮೂವರೂ ದಾರಂದಕ್ಕೆ ಒರಗಿ ನೋಡುತ್ತ ನಿಂತಿರುತ್ತಿದ್ದೆವು.

ಬಟ್ಟಲು ಬರಿದಾದ ಮೇಲೆ ಅಮ್ಮ ನಮ್ಮನ್ನು ಅಡುಗೆಮನೆಗೆ ಕರೆಯುತ್ತಿದ್ದಳು. ಎಲ್ಲಿಯೂ ತುಂಡಾಗದ ಹಾಗೆ ಒಂದೇ ಎಳೆಯಾಗಿ ತೆಗೆದ ಸಿಪ್ಪೆ ಮಣೆಯ ಮೇಲೆ ಸುರುಳಿ ಸುತ್ತಿಕೊಂಡಿರುತ್ತಿತ್ತು. ಅದನ್ನು ನೀಟಾಗಿ ಬಿಡಿಸಿ, ಬೆರಳಿನಿಂದ ಅಳೆದು, ಮೂರು ತುಂಡು ಮಾಡುತ್ತಿದ್ದಳು. 'ತಿರುಳು ಅಪ್ಪಯ್ಯಂಗೆ, ಸಿಪ್ಪೆ ನಿಮಗೆ. ಚೆನ್ನಾಗಿ ಜಗಿದು ತಿನ್ನಿ.' ದಪ್ಪ ಕೆಂಪು ಸಿಪ್ಪೆ ಹಲ್ಲಿಗೆ ಸಿಕ್ಕಾಗ ಮೊದಲು ಸ್ವಲ್ಪ ಒಗರು; ಜಗಿಯುತ್ತ ಹೋದ ಹಾಗೆ ಒಳಮೈಗೆ ಅಂಟಿದ್ದ ತಿರುಳಿನ ಸಿಹಿ. ಮೊದಲ ದಿನದ ಸಿಪ್ಪೆ ಕಾಗದದಷ್ಟು ತೆಳ್ಳಗಿತ್ತು. ನಾಲ್ಕನೆಯ, ಐದನೆಯ ದಿನದ ಸಿಪ್ಪೆಗೆ ಬೆರಳಿಗೆ ತಾಗುವಷ್ಟು ತಿರುಳು ಅಂಟಿತ್ತು. 'ಅಮ್ಮನ ಚೂರಿ ಮೊಂಡಾಗಿದೆ' ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದ್ದು ಈಗಲೂ ನೆನಪಿದೆ.

ಅಮ್ಮ ಮಾಡುತ್ತಿದ್ದ ಆ ಪಥ್ಯಕ್ಕೆ ಆ್ಯಪಲ್ ಸಾಸ್ ಎಂಬ ಹೆಸರಿದೆಯೆಂದೂ, ಒಂದು ದೇಶದ ಮಕ್ಕಳೆಲ್ಲ ಅದನ್ನು ತಿಂದೇ ಬೆಳೆಯುತ್ತಾರೆಂದೂ ನನಗೆ ತಿಳಿಯುವ ಹೊತ್ತಿಗೆ ಐವತ್ತು ವರ್ಷದ ಮೇಲಾಯಿತು.

ಅದು ತಿಳಿದದ್ದು ಅಮೆರಿಕದಲ್ಲಿರುವ ಮಗಳ ಮನೆಗೆ ಹೋದಾಗ. ಆ ಮನೆ ಇರುವುದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನ ಹೊರವಲಯದಲ್ಲಿ. ನ್ಯೂಯಾರ್ಕ್ ಎಂದರೆ ನಮ್ಮ ಕಣ್ಣಿಗೆ ಕಟ್ಟುವ ಎತ್ತರದ ಕಟ್ಟಡಗಳಿಂದ ಅದು ಕಾರಿನಲ್ಲಿ ಐದಾರು ಗಂಟೆಯ ದಾರಿ. ಉತ್ತರಕ್ಕೆ ಸಮುದ್ರದಂಥ ಒಂಟಾರಿಯೊ ಸರೋವರ. ಅದರ ದಕ್ಷಿಣ ದಡದುದ್ದಕ್ಕೂ ಸೇಬಿನ ತೋಟಗಳು. ಸೇಬಿನ ಬೆಳೆಯಲ್ಲಿ ಅಮೆರಿಕದಲ್ಲಿ ವಾಷಿಂಗ್ಟನ್ ರಾಜ್ಯದ್ದು ಮೊದಲ ಸ್ಥಾನ, ನ್ಯೂಯಾರ್ಕಿನದು ಸಾಮಾನ್ಯವಾಗಿ ಎರಡನೆಯದು. ತೋಟಗಳೆಲ್ಲ ದಡಕ್ಕೇ ಅಂಟಿಕೊಂಡಿರುವುದಕ್ಕೆ ಸರೋವರದ ನೀರೇ ಕಾರಣ. ಚಳಿಗಾಲದಲ್ಲಿ ತಣ್ಣಗಾದ ಅಷ್ಟೊಂದು ನೀರು ವಸಂತದಲ್ಲಿ ಬೇಗ ಬಿಸಿಯಾಗುವುದಿಲ್ಲ. ದಡದ ಗಾಳಿಯೂ ತಂಪಾಗಿದ್ದು, ಮರಗಳು ಅವಸರದಲ್ಲಿ ಹೂ ಬಿಡದೆ ಕಾಯುತ್ತವೆ. ಕೊನೆಯ ಹಿಮದ ಏಟಿಗೆ ಹೂವು ಕರಕಲಾಗುವುದು ತಪ್ಪುತ್ತದೆ. ಶರತ್ಕಾಲದಲ್ಲಿ ಅದೇ ನೀರು ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಂಡು ಕಾಯಿ ಹಣ್ಣಾಗುವವರೆಗೆ ತೋಟವನ್ನು ಬೆಚ್ಚಗಿಡುತ್ತದೆ.

ಅಕ್ಟೋಬರ್ ಮೊದಲ ವಾರ ನಾವೆಲ್ಲ ಅಂಥದೊಂದು ತೋಟಕ್ಕೆ ಹೋದೆವು. ದುಡ್ಡು ಕೊಟ್ಟು ಚೀಲ ತೆಗೆದುಕೊಂಡು, ಬೇಕಾದ ಮರದಿಂದ ನಾವೇ ಕೊಯ್ದುಕೊಳ್ಳುವ ಪದ್ಧತಿ. ಹಣ್ಣನ್ನು ಎಳೆದು ಕೀಳಬಾರದು. ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ಸ್ವಲ್ಪ ತಿರುಗಿಸಿದರೆ, ಬಲಿತ ಹಣ್ಣು ತೊಟ್ಟಿನ ಸಮೇತ ತಾನಾಗಿ ಕೈಗೆ ಬರುತ್ತದೆ. ಆರು ವರ್ಷದ ಮೊಮ್ಮಗಳು ಒಂದು ಗಂಟೆಯೊಳಗೆ ಇದನ್ನು ನನಗಿಂತ ಚೆನ್ನಾಗಿ ಕಲಿತಳು.

ಪ್ರತಿ ಸಾಲಿನ ತುದಿಯಲ್ಲೂ ತಳಿಯ ಹೆಸರು ಬರೆದ ಹಲಗೆ ಇತ್ತು. ಮೆಕಿಂಟಾಷ್ ಎಂಬ ಹಣ್ಣಿನ ಕಥೆಯನ್ನು ಅಳಿಯ ಹೇಳಿದರು. 1811ರಲ್ಲಿ ಜಾನ್ ಮೆಕಿಂಟಾಷ್ ಎಂಬ ರೈತ ಕೆನಡಾದ ಒಂಟಾರಿಯೊ ಪ್ರಾಂತ್ಯದ ತನ್ನ ಜಮೀನಿನಲ್ಲಿ ಕಾಡು ಸವರುವಾಗ ಕೆಲವು ಸೇಬಿನ ಸಸಿಗಳು ಕಣ್ಣಿಗೆ ಬಿದ್ದವಂತೆ. ಅವುಗಳಲ್ಲಿ ಉಳಿದ ಒಂದೇ ಮರದಿಂದ ಕಸಿ ಮೇಲೆ ಕಸಿ ಮಾಡುತ್ತ ಬಂದು, ಇವತ್ತಿನ ಮೆಕಿಂಟಾಷ್ ಮರಗಳೆಲ್ಲ ಆಗಿವೆ. ಸೇಬಿನ ಬೀಜ ನೆಟ್ಟರೆ ತಾಯಿಯ ಗುಣದ ಹಣ್ಣು ಬರುವುದಿಲ್ಲ. ಗುಣ ಉಳಿಯಬೇಕಾದರೆ ಕಸಿಯೇ ಆಗಬೇಕು. ಕೇಳುತ್ತಿದ್ದ ನನಗೆ ನಮ್ಮ ಹೊಳೆದಂಡೆಯ ಅಪ್ಪೆಮಿಡಿ ಮರಗಳು ಕಣ್ಣಮುಂದೆ ಬಂದವು. ಅಲ್ಲಿಯೂ ಒಂದೊಂದು ಮರಕ್ಕೆ ಒಂದೊಂದು ಪರಿಮಳ, ಒಂದೊಂದು ಹೆಸರು. ಅನಂತಭಟ್ಟನ ಅಪ್ಪೆ ಎಂಬ ಹೆಸರು ಮನೆಮನೆಯ ಉಪ್ಪಿನಕಾಯಿ ಭರಣಿಗೆ ಬಂದದ್ದೂ ಒಳ್ಳೆಯ ಮರವೊಂದನ್ನು ಜನ ಕಸಿ ಕಟ್ಟಿ ಕಾಪಾಡಿಕೊಂಡದ್ದರಿಂದಲೇ.

ಅಪ್ಪಯ್ಯನ ಹಾಸಿಗೆಯವರೆಗೆ ಬಂದಿದ್ದ ಆ ಸೇಬಿಗೂ ಅಮೆರಿಕದ ನಂಟಿದೆ. ಫಿಲಡೆಲ್ಫಿಯಾದಲ್ಲಿ ಹುಟ್ಟಿ ಶಿಮ್ಲಾ ಸಮೀಪದ ಕೋಟಗಢದಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್, ಮುಂದೆ ಸತ್ಯಾನಂದ ಸ್ಟೋಕ್ಸ್ ಆದವರು, 1916ರ ಸುಮಾರಿಗೆ ಅಮೆರಿಕದಿಂದ ಡೆಲಿಶಿಯಸ್ ತಳಿಯ ಸಸಿಗಳನ್ನು ತರಿಸಿ ಆ ಬೆಟ್ಟದಲ್ಲಿ ನೆಟ್ಟರು. ಹಿಮಾಚಲದ ಸೇಬಿನ ಬೇಸಾಯ ಬೆಳೆದು ನಿಂತದ್ದು ಅಲ್ಲಿಂದ ಮುಂದೆ. ದಪ್ಪ ಸಿಪ್ಪೆಯ, ಕಡುಗೆಂಪಿನ, ಸ್ವಲ್ಪ ಉದ್ದನೆಯ ಆ ಹಣ್ಣನ್ನು ತೋಟದ ಸಾಲೊಂದರಲ್ಲಿ ಕಂಡಾಗ ಕೂಡಲೇ ಗುರುತು ಸಿಕ್ಕಿತು.

ಒಂಬತ್ತು ಕಿಲೋದಷ್ಟು ಹಣ್ಣು ಹೊತ್ತು ಮನೆಗೆ ಬಂದೆವು. ಅಷ್ಟನ್ನು ಏನು ಮಾಡುವುದು ಎಂದು ನಾನು ಕೇಳುತ್ತಿರುವಾಗಲೇ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಚೀಲ ನೋಡಿ, ನಾಳೆ ಬೆಳಿಗ್ಗೆ ಬರುತ್ತೇನೆ ಎಂದರು. ಎಪ್ಪತ್ತೆಂಟು ವರ್ಷದ, ನೆಟ್ಟಗಿನ ಬೆನ್ನಿನ ಹೆಂಗಸು. ಹೇಳಿದ ಹಾಗೆ ಒಂಬತ್ತು ಗಂಟೆಗೆ ಬಂದರು. ಅವರ ಕೈಯಲ್ಲಿ ತಾಯಿಯಿಂದ ಬಂದ ಒಂದು ಪಾತ್ರೆ. ತಳದಲ್ಲಿ ಜರಡಿ, ಅದರ ಮೇಲೆ ಓರೆಯಾಗಿ ಕೂತ ತಗಡು, ಮೇಲಿನಿಂದ ತಿರುಗಿಸಲು ಒಂದು ಹಿಡಿ. ಫುಡ್ ಮಿಲ್ ಎನ್ನುತ್ತಾರಂತೆ. ಹಿಡಿಯ ಮರ ಒಂದು ಕಡೆ ಸವೆದು ಬೆರಳಿನ ಅಚ್ಚಿನ ಹಾಗೆ ತಗ್ಗಾಗಿತ್ತು. ನಮ್ಮ ಮನೆಯ ಬೀಸುವ ಕಲ್ಲಿನ ಗೂಟ ಹೀಗೆಯೇ ಸವೆದಿತ್ತು. ಆ ತಗ್ಗಿನಲ್ಲಿ ಬೆರಳಿಟ್ಟಾಗ ಭಾಷೆ ಬಾರದ ಸಂಕೋಚ ನನಗೆ ಅರ್ಧ ಕಳೆಯಿತು. ಉಳಿದದ್ದಕ್ಕೆ ಮಗಳಿದ್ದಳು.

ಸಾಸ್ ಎಂದರೆ ನಮಗೆ ಬೋಂಡಾದ ಜೊತೆಗಿನ ಟೊಮೆಟೊ ಸಾಸ್. ಇದು ಬೇರೆ. ಸೇಬನ್ನು ಬೇಯಿಸಿ ನುಣ್ಣಗೆ ಮಾಡಿದ ಒಂದು ಬಗೆಯ ಗಟ್ಟಿ ಪಾಯಸದ ಹದ. ಅದಕ್ಕೆ ಒಂದೇ ತಳಿ ಸಾಲದು ಎಂದು ಅಜ್ಜಿ ಹೇಳಿದರು. ಮೆಕಿಂಟಾಷ್ ಬೆಂದರೆ ಬೆಣ್ಣೆಯ ಹಾಗೆ ಕರಗಿಬಿಡುತ್ತದೆ, ಸುವಾಸನೆ ಅದರದು. ಕಾರ್ಟ್‌ಲ್ಯಾಂಡ್ ಹೆಚ್ಚಿಟ್ಟರೂ ಬೇಗ ಕಪ್ಪಾಗುವುದಿಲ್ಲ. ರಾಚೆಸ್ಟರಿನಿಂದ ಒಂದು ಗಂಟೆಯ ದಾರಿಯ ಜಿನೀವಾ ಕೃಷಿ ಕೇಂದ್ರದಲ್ಲಿ 1898ರಲ್ಲಿ ಮೆಕಿಂಟಾಷನ್ನೂ ಬೆನ್ ಡೇವಿಸ್ ಎಂಬ ತಳಿಯನ್ನೂ ಕೂಡಿಸಿ ಪಡೆದ ಹಣ್ಣು ಅದು. ನಾರ್ದರ್ನ್ ಸ್ಪೈ ಹುಳಿ ಕೊಡುತ್ತದೆ. ಸಾರಿನ ಪುಡಿಗೆ ಬ್ಯಾಡಗಿಯನ್ನು ಬಣ್ಣಕ್ಕೆ, ಗುಂಟೂರನ್ನು ಖಾರಕ್ಕೆ ಎಂದು ಎರಡನ್ನೂ ಸೇರಿಸುವ ನಮಗೆ ಈ ಲೆಕ್ಕ ಹೊಸದಲ್ಲ.

ಹಣ್ಣುಗಳನ್ನು ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಉಜ್ಜಿ, ಮತ್ತೆ ಬರೀ ನೀರಿನಲ್ಲಿ ತೊಳೆದೆವು. ತೋಟದಲ್ಲಿ ಹೊಡೆದ ಔಷಧಿ ಕೂತಿರುವುದು ಸಿಪ್ಪೆಯ ಮೇಲೆ. ಸಿಪ್ಪೆ ತಿನ್ನುವ ಮನಸ್ಸಿದ್ದವರು ಈ ಕೆಲಸದಲ್ಲಿ ಸೋಮಾರಿತನ ಮಾಡಬಾರದು. ಆಮೇಲೆ ಮೂವರೂ ಮೇಜಿನ ಸುತ್ತ ಕೂತು ಆರು ಕಿಲೋ ಹಣ್ಣಿನ ಸಿಪ್ಪೆ ತೆಗೆದೆವು. ಹೋಳು ಮಾಡಿ ಬೀಜದ ಗೂಡು ತೆಗೆದು ದಪ್ಪ ತಳದ ಪಾತ್ರೆಗೆ ಹಾಕಿ, ತಳ ಹಿಡಿಯದಿರಲೆಂದು ಒಂದು ಲೋಟ ನೀರು, ಅರ್ಧ ನಿಂಬೆಹಣ್ಣಿನ ರಸ, ಸಣ್ಣ ಉರಿ, ಮುಚ್ಚಳ. ಇಪ್ಪತ್ತು ನಿಮಿಷದಲ್ಲಿ ಹೋಳುಗಳ ಅಂಚು ಕರಗಿ, ಸೌಟಿನಲ್ಲಿ ಆಡಿಸಿದಾಗ ಪಾತ್ರೆಯೊಳಗೆ ಪಿಟಿಪಿಟಿ ಎಂದು ಗುಳ್ಳೆ ಒಡೆಯಲು ಶುರುವಾಯಿತು. ಮನೆಯೆಲ್ಲ ಪರಿಮಳ. ಫುಡ್ ಮಿಲ್ಲಿಗೆ ಹಾಕಿ ಹಿಡಿ ತಿರುಗಿಸಿದರೆ ಕೆಳಗೆ ಹೊಂಬಣ್ಣದ ಮುದ್ದೆ ಇಳಿಯಿತು.

ಸಕ್ಕರೆ ಹಾಕಲಿಲ್ಲ. ಮನೆಯಲ್ಲಿ ಎಂಟು ತಿಂಗಳ ಮೊಮ್ಮಗನಿದ್ದ, ಕೆಳಗಿನ ಎರಡು ಹಲ್ಲು ಆಗಷ್ಟೇ ಬಂದಿದ್ದವು. ಒಂದು ವರ್ಷ ತುಂಬುವವರೆಗೆ ಸಕ್ಕರೆಯೂ ಬೇಡ, ಜೇನಂತೂ ಕೊಡಲೇಬಾರದು ಎಂದು ಡಾಕ್ಟರು ಹೇಳಿದ್ದರು. ಅವನ ಪಾಲನ್ನು ಬೇರೆ ತೆಗೆದಿಟ್ಟು ಉಳಿದದ್ದಕ್ಕೆ ದಾಲ್ಚಿನ್ನಿ ಬೆರೆಸಿ, ಗಾಜಿನ ಜಾಡಿಗಳಿಗೆ ತುಂಬಿ, ಮುಚ್ಚಳ ಬಿಗಿದು, ಕುದಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಟ್ಟೆವು. ತಿರುಪಿನ ಮುಚ್ಚಳದ ಈ ಜಾಡಿಗೆ ಜಾನ್ ಮೇಸನ್ ಎಂಬಾತ 1858ರಲ್ಲಿ ಪೇಟೆಂಟ್ ಪಡೆದದ್ದು. ಇಲ್ಲಿನ ಹೆಂಗಸರು ಸುಗ್ಗಿಯ ಹಣ್ಣನ್ನು ಚಳಿಗಾಲಕ್ಕೆ ದಾಟಿಸುತ್ತ ಬಂದದ್ದು ಅದರಲ್ಲೇ. ಹೊರಗೆ ತೆಗೆದಿಟ್ಟ ಜಾಡಿ ಆರುತ್ತ ಬಂದ ಹಾಗೆ ಮುಚ್ಚಳದ ನಡುಭಾಗ ಟಿಕ್ ಎಂದು ಒಳಕ್ಕೆ ಕೂರುತ್ತದೆ. ಒಂದೊಂದು ಸದ್ದಿಗೂ ಅಜ್ಜಿ ತಲೆಯಾಡಿಸಿ ಎಣಿಸುತ್ತಿದ್ದರು. ಎಣ್ಣೆ ಬಟ್ಟೆ ಕಟ್ಟಿದ ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೇರಿಸಿದ ದಿನ ಅಮ್ಮನ ಮುಖದಲ್ಲಿದ್ದ ನೆಮ್ಮದಿ ಅವರ ಮುಖದಲ್ಲಿತ್ತು.

ಈ ಬಟ್ಟಲು ಮುದ್ದೆಯನ್ನು ಇಲ್ಲಿ ಯಾರು ಯಾರು ತಿನ್ನುತ್ತಾರೆ ಎಂದು ಮಗಳ ಮೂಲಕ ಕೇಳಿದೆ. ಮಕ್ಕಳು ತಿನ್ನುತ್ತಾರೆ, ಹಂದಿಮಾಂಸದ ಜೊತೆಗೆ ದೊಡ್ಡವರು ತಿನ್ನುತ್ತಾರೆ, ಕೊನೆಗೆ ವಯಸ್ಸಾದವರು ತಿನ್ನುತ್ತಾರೆ ಎಂದರು. ಅವರ ಗಂಡನಿಗೆ ಕೊನೆಯ ವರ್ಷ ನುಂಗಲು ಕಷ್ಟವಾಗಿತ್ತು. ಮಾತ್ರೆಯನ್ನು ಪುಡಿ ಮಾಡಿ ಇದರಲ್ಲೇ ಬೆರೆಸಿ ಕೊಡುತ್ತಿದ್ದರಂತೆ. ಇಷ್ಟು ಹೇಳಿ ಅಜ್ಜಿ ಪಾತ್ರೆಯ ಅಂಚನ್ನು ಸೌಟಿನಿಂದ ಕೆರೆಯತೊಡಗಿದರು. ನಾನು ಅಪ್ಪಯ್ಯನ ಬಟ್ಟಲಿನ ಕಥೆ ಹೇಳಿದೆ. ಮಗಳು ಅನುವಾದಿಸುತ್ತ ನಡುವೆ ಒಮ್ಮೆ ನಿಲ್ಲಿಸಿದಳು. ಆ ಕಥೆಯನ್ನು ಅವಳೂ ಅಂದೇ ಮೊದಲು ಕೇಳುತ್ತಿದ್ದಳು.

ಮೇಜಿನ ಮೇಲೆ ಆಗ ಒಂದು ದೊಡ್ಡ ಪಾತ್ರೆ ತುಂಬ ಸಿಪ್ಪೆ ರಾಶಿ ಬಿದ್ದಿತ್ತು. ಕೆಂಪು, ಹಸಿರು, ಹಳದಿ ಬೆರೆತ ಸುರುಳಿಗಳು. ಮಗಳು ಅದನ್ನು ಗೊಬ್ಬರದ ಬುಟ್ಟಿಗೆ ಹಾಕಲು ಎತ್ತಿದಳು. ಅಜ್ಜಿಯ ಕೈ ಪಾತ್ರೆಯ ಒಂದು ಬದಿಗೆ ಬಂತು, ನನ್ನ ಕೈ ಇನ್ನೊಂದು ಬದಿಗೆ. 'ಅಮ್ಮಾ, ನೀವಿಬ್ಬರೂ ಒಂದೇ' ಎಂದು ಮಗಳು ಪಾತ್ರೆ ಬಿಟ್ಟುಕೊಟ್ಟಳು.

ಕನ್ನಡದ ಅಡುಗೆಮನೆಗೆ ಸಿಪ್ಪೆ ಒಂದು ಪೂರ್ತಿ ಅಧ್ಯಾಯ. ಹೀರೇಕಾಯಿ ಹುಳಿಗೆ ಹೋದರೆ ಸಿಪ್ಪೆ ಚಟ್ನಿಗೆ ಬರುತ್ತದೆ. ಕಿತ್ತಳೆ ತಿಂದ ಮೇಲೆ ಸಿಪ್ಪೆ ಗೊಜ್ಜಾಗುತ್ತದೆ. ಕಲ್ಲಂಗಡಿಯ ಕೆಂಪು ಮಕ್ಕಳಿಗೆ, ಬಿಳಿ ಭಾಗ ಅಕ್ಕಿಯ ಜೊತೆ ರುಬ್ಬಿ ದೋಸೆಗೆ. ಬಾಳೆಕಾಯಿ ಸಿಪ್ಪೆ ಪಲ್ಯಕ್ಕೆ. ಹೊಟ್ಟೆ ಕೆಟ್ಟವರಿಗೆ ಒಣಗಿಸಿಟ್ಟ ದಾಳಿಂಬೆ ಸಿಪ್ಪೆಯ ತಂಬುಳಿ. ಮನುಷ್ಯರ ಬಾಯಿಗೆ ಸಲ್ಲದ್ದು ಕಲಗಚ್ಚಿನ ಬಾನಿಗೆ, ಅಲ್ಲಿಂದ ದನದ ಹೊಟ್ಟೆಗೆ, ಅಲ್ಲಿಂದ ಗೊಬ್ಬರದ ಗುಂಡಿಗೆ, ಅಲ್ಲಿಂದ ತೋಟಕ್ಕೆ. ಅಮ್ಮ ಯಾವತ್ತೂ ಸಿಪ್ಪೆಯನ್ನು ಕೈಯಲ್ಲಿ ಹಿಡಿದು ಎಲ್ಲಿ ಎಸೆಯಲಿ ಎಂದು ಯೋಚಿಸಿದ್ದನ್ನು ನಾನು ಕಂಡಿಲ್ಲ. ಪ್ರತಿಯೊಂದಕ್ಕೂ ಮುಂದಿನ ಪಾತ್ರೆ ಯಾವುದೆಂದು ಅವಳ ಕೈಗೆ ಗೊತ್ತಿತ್ತು. ಬೆಂಗಳೂರಿನ ನನ್ನ ಫ್ಲ್ಯಾಟಿನಲ್ಲಿ ಹಸಿ ಕಸದ ಬಕೆಟ್ ಒಂದೇ ಮುಂದಿನ ಪಾತ್ರೆಯಾಗಿದೆ. ಅದು ಬೆಳಿಗ್ಗೆ ತುಂಬುವುದನ್ನು ನೋಡುವಾಗ ಮನಸ್ಸಿಗೆ ಪ್ರತಿದಿನವೂ ನೋವಾಗುತ್ತದೆ.

ಸಿಪ್ಪೆಯನ್ನು ಮೂರು ಪಾಲು ಮಾಡಿದೆವು. ಮೊದಲ ಪಾಲು ಅಜ್ಜಿಯ ಜೆಲ್ಲಿಗೆ. ಜೆಲ್ಲಿಯನ್ನು ಗಟ್ಟಿಯಾಗಿಸುವ ಅಂಶ, ಪೆಕ್ಟಿನ್, ಹೆಚ್ಚಾಗಿರುವುದು ಸಿಪ್ಪೆಯಲ್ಲಿ ಮತ್ತು ನಡುವಿನ ಗೂಡಿನಲ್ಲಿ. ಅಂಗಡಿಯಲ್ಲಿ ಸಿಗುವ ಪೆಕ್ಟಿನ್ ಪುಡಿಯನ್ನೂ ರಸ ಹಿಂಡಿದ ಸೇಬಿನ ಚರಟದಿಂದ, ನಿಂಬೆ ಕಿತ್ತಳೆಯ ಸಿಪ್ಪೆಯಿಂದ ತೆಗೆಯುತ್ತಾರೆ. ಬೀಜ ಮಾತ್ರ ಬೇಡ, ಜಜ್ಜಿದರೆ ಅದರಲ್ಲಿ ವಿಷದ ಅಂಶ ಹುಟ್ಟುತ್ತದೆ. ಸಿಪ್ಪೆ ಮುಳುಗುವಷ್ಟು ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ, ಶ್ರೀಖಂಡಕ್ಕೆ ಮೊಸರು ತೂಗುಹಾಕುವ ಹಾಗೆ ರಾತ್ರಿಯಿಡೀ ನೇತುಹಾಕಿದೆವು. ಬೇಗ ಮುಗಿಯಲೆಂದು ನಾನು ಗಂಟು ಹಿಂಡಲು ಹೋದಾಗ ಅಜ್ಜಿ ಕೈ ಹಿಡಿದರು. ಹಿಂಡಿದರೆ ರಸ ಕದಡಿ ಜೆಲ್ಲಿ ಮಬ್ಬಾಗುತ್ತದೆ; ತಾನಾಗಿ ತೊಟ್ಟಿಕ್ಕಿದ್ದು ಮಾತ್ರ ತಿಳಿ. ಬೆಳಿಗ್ಗೆ ಒಂದು ಬಟ್ಟಲು ರಸಕ್ಕೆ ಮುಕ್ಕಾಲು ಬಟ್ಟಲು ಸಕ್ಕರೆ, ಸ್ವಲ್ಪ ನಿಂಬೆರಸ ಹಾಕಿ ಕುದಿಸಿದೆವು. ಹದ ನೋಡಲು ಅವರು ಫ್ರೀಜರಿನಿಂದ ತಣ್ಣನೆಯ ತಟ್ಟೆ ತೆಗೆದು ಅದರ ಮೇಲೆ ಒಂದು ಹನಿ ಬಿಟ್ಟು ಬೆರಳಿನಿಂದ ಸರಿಸಿದರು. ನಾನು ಹೆಬ್ಬೆರಳು ತೋರುಬೆರಳಿನ ನಡುವೆ ಪಾಕ ನೋಡಿದೆ. ನಮ್ಮ ಒಂದೆಳೆ ಪಾಕಕ್ಕೆ ತುಸು ಮೊದಲೇ, ಅವರ ತಟ್ಟೆಯ ಹನಿಯ ಮೇಲೆ ಸುಕ್ಕು ಮೂಡಿತು. ಒಲೆ ಆರಿಸಿದೆವು. ಬಿಸಿಲಿಗೆ ಹಿಡಿದರೆ ಮಾಣಿಕ್ಯದಂಥ ಬಣ್ಣ. ಆ ಕೆಂಪೆಲ್ಲ ಸಿಪ್ಪೆಯದು. ತಿರುಳಿನಲ್ಲಿ ಅದರ ಸುಳಿವೂ ಇರಲಿಲ್ಲ.

ಎರಡನೆಯ ಪಾಲು ವಿನೆಗರಿಗೆ. ಜಾಡಿಗೆ ಸಿಪ್ಪೆ, ನೀರು, ಸಕ್ಕರೆ ಹಾಕಿ ಬಟ್ಟೆ ಕಟ್ಟಿ, ದಿನಾ ಒಮ್ಮೆ ಮರದ ಸೌಟಿನಿಂದ ತಿರುವಬೇಕು. ನಾಲ್ಕು ದಿನಕ್ಕೆ ನೊರೆ, ಎರಡು ಮೂರು ವಾರಕ್ಕೆ ಸೋಸಿ ಮತ್ತೆ ಒಂದು ತಿಂಗಳು ಇಟ್ಟರೆ ಹುಳಿ.

ಮೂರನೆಯ ಪಾಲು ನನ್ನ ಗೊಜ್ಜಿಗೆ. ಸಿಪ್ಪೆಯನ್ನು ಆದಷ್ಟು ಸಣ್ಣಗೆ ಹೆಚ್ಚಿದೆ. ಮೆಂತ್ಯ, ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸು, ಎಳ್ಳು ಬೇರೆ ಬೇರೆಯಾಗಿ ಹುರಿದು ಪುಡಿ ಮಾಡಿದೆ. ಎಣ್ಣೆಗೆ ಸಾಸಿವೆ, ಇಂಗು, ಕರಿಬೇವು. ಸಾಸಿವೆ ಸಿಡಿದ ಮೇಲೆ ಸಿಪ್ಪೆ ಹಾಕಿ ಬಾಡಿಸಿ, ಹುಣಸೆಯ ರಸ, ಅರಿಶಿನ, ಉಪ್ಪು. ಕಿತ್ತಳೆ ಸಿಪ್ಪೆಯ ಕಹಿಗೆ ಬೆಲ್ಲ ಧಾರಾಳವಾಗಿ ಬೇಕು. ಸೇಬಿನ ಸಿಪ್ಪೆ ತಾನೇ ಸಿಹಿ, ಬೆಲ್ಲ ಒಂದು ಸಣ್ಣ ಚೂರು ಸಾಕು, ಹುಳಿಯನ್ನು ಒಂದು ಕೈ ಮುಂದೆ ಬಿಡಬೇಕು. ಪುಡಿ ಬೆರೆತು ಎಣ್ಣೆ ಅಂಚಿಗೆ ಬಿಡುವ ಹೊತ್ತಿಗೆ ಸಿಪ್ಪೆಯ ಕೆಂಪು ಹೋಗಿ ಕಂದು ಬಂದಿತ್ತು. ಆದರೆ ಹಲ್ಲಿಗೆ ಸಿಕ್ಕಾಗ ಆ ಹಳೆಯ ಒಗರು ಹಾಗೇ ಇತ್ತು. ಬಿಸಿ ಅನ್ನಕ್ಕೆ ಕಲಸಿ ಮಗಳು ಎರಡು ಸಲ ಬಡಿಸಿಕೊಂಡಳು. ಅಜ್ಜಿ ಬ್ರೆಡ್ಡಿನ ಮೇಲೆ ಚೀಸ್, ಚೀಸಿನ ಮೇಲೆ ಗೊಜ್ಜು ಹಚ್ಚಿ ತಿಂದು, ಕಣ್ಣೊರೆಸಿಕೊಂಡು, ಇನ್ನೊಂದು ಚೂರು ಹಚ್ಚಿಕೊಂಡರು. ಹೋಗುವಾಗ ಒಂದು ಸಣ್ಣ ಜಾಡಿ ಕೊಟ್ಟೆ. ಅವರು ನನಗೆ ಜೆಲ್ಲಿಯ ಜಾಡಿ ಕೊಟ್ಟರು.

ಅಲ್ಲಿದ್ದ ಉಳಿದ ದಿನಗಳಲ್ಲಿ ಮೊಮ್ಮಗನ ಮಧ್ಯಾಹ್ನದ ಬಟ್ಟಲು ನನ್ನ ಕೆಲಸವಾಯಿತು. ಹೊಸದಾಗಿ ಒಂದು ಸೇಬು ಬೇಯಿಸಿ ಹಿಸುಕಿ ಕೊಟ್ಟರೆ ಅವನು ಎರಡೂ ಕೈ ಬಡಿಯುತ್ತಿದ್ದ. ಸಿಪ್ಪೆ ತೆಗೆಯಲು ಮಗಳು ಕೊಟ್ಟ ಪೀಲರ್ ಬಲು ಚೆನ್ನಾಗಿತ್ತು, ಒಂದು ಕೂದಲೆಳೆಯಷ್ಟೂ ತಿರುಳು ಹಾಳಾಗುತ್ತಿರಲಿಲ್ಲ. ಮೊದಲ ದಿನ ಅದರಲ್ಲೇ ತೆಗೆಯುತ್ತಿದ್ದಾಗ ಶಾಲೆಯಿಂದ ಬಂದ ಮೊಮ್ಮಗಳು ಬ್ಯಾಗು ಹೆಗಲಲ್ಲಿಟ್ಟುಕೊಂಡೇ ಮೇಜಿನ ಮೂಲೆಗೆ ಬಂದು ನಿಂತಳು. 'ಅಮ್ಮಮ್ಮ, ಅದು ತಮ್ಮಂಗೆ ಅಲ್ವಾ? ಸಿಪ್ಪೆ ನಂಗಾ?' ತಟ್ಟೆಯಲ್ಲಿದ್ದದ್ದು ಬೆಳಕು ಹಾಯುವಷ್ಟು ತೆಳ್ಳನೆಯ ಕೆಂಪು ಪಟ್ಟಿ. ಅವಳು ಅದನ್ನು ಎತ್ತಿ ಕಿಟಕಿಗೆ ಹಿಡಿದು ನೋಡಿ, ಬಾಯಿಗೆ ಹಾಕಿಕೊಂಡು, ಇನ್ನೂ ಇದೆಯೇನೋ ಎಂದು ನನ್ನ ಕೈಯನ್ನೇ ನೋಡುತ್ತ ನಿಂತಳು. ಕೇಳಲಿಲ್ಲ. ದಾರಂದಕ್ಕೆ ಒರಗಿ ನಾವೂ ಕೇಳಿರಲಿಲ್ಲ.

ಬುಟ್ಟಿಯ ತುಂಬ ಹಣ್ಣಿತ್ತು. ಅವಳಿಗೊಂದು ಇಡೀ ಸೇಬು ಕೊಡಬಹುದಿತ್ತು, ಕೊಟ್ಟೆ ಕೂಡ. ಆದರೆ ಅವಳಿಗೆ ಬೇಕಾಗಿದ್ದದ್ದು ತಮ್ಮನ ಹಣ್ಣಿನಿಂದ ತನಗೆಂದು ಇಳಿದುಬರುವ ಆ ಸುರುಳಿ.

ಮರುದಿನ ನಾನು ಪೀಲರನ್ನು ಡ್ರಾಯರಿನಲ್ಲೇ ಬಿಟ್ಟೆ. ಸಣ್ಣ ಚೂರಿ ತೆಗೆದುಕೊಂಡು, ತೊಟ್ಟಿನ ಸುತ್ತ ಶುರುಮಾಡಿ, ನಿಧಾನವಾಗಿ ತಿರುಗಿಸುತ್ತ ಬಂದೆ. ಹರಿತವಾದ ಚೂರಿ, ಬೇಕೆಂದರೆ ಕಾಗದದಷ್ಟು ತೆಳ್ಳಗೆ ತೆಗೆಯಬಹುದಿತ್ತು. ಮೂಲೆಯಲ್ಲಿ ನಿಂತ ಎರಡು ಕಣ್ಣು ನನ್ನ ಕೈಯ ಮೇಲಿದ್ದವು. ಹೆಬ್ಬೆರಳು ಯಾರೂ ಹೇಳದೆ ಸ್ವಲ್ಪ ಒಳಕ್ಕೆ ಒತ್ತಿತು. ಚೂರಿಯ ಅಲಗು ತಿರುಳಿಗೆ ಇಳಿಯಿತು. ಸುರುಳಿ ದಪ್ಪವಾಗುತ್ತ, ಭಾರವಾಗುತ್ತ, ಬಿಳಿಯ ಒಳಮೈ ಹೊತ್ತು ತಟ್ಟೆಗೆ ಇಳಿಯುತ್ತಿರುವಾಗ ನನ್ನ ಕೈ ಅಲ್ಲೇ ನಿಂತಿತು.

ಅಮ್ಮನ ಚೂರಿ ಮೊಂಡಾಗಿರಲಿಲ್ಲ.